ಕಲಕದೆ ತೆಗೆದ ಸ್ಯಾಂಪಲ್

ಡೇರಿಯ ಹಿಂಬದಿಯಲ್ಲಿ, ಹಾಲಿನ ಟ್ಯಾಂಕರುಗಳು ಸಾಲಾಗಿ ಬಂದು ನಿಲ್ಲುವ ಕಟ್ಟೆಗೆ ಒತ್ತಿಕೊಂಡಂತೆ, ಪರೀಕ್ಷಾ ಕೋಣೆಯ ಕಿಟಕಿಯಿತ್ತು. ಅದರೊಳಗಿಂದ ಅವಳು ‘ಹೂಂ’ ಅಂದರೆ ಹಾಲು ಒಳಗೆ ಹೋಗುತ್ತಿತ್ತು. ‘ಉಹೂಂ’ ಅಂದರೆ ಡ್ರೈವರನಿಗೆ ಬಂದ ದಾರಿಗೆ ಸುಂಕವಿಲ್ಲ. ಹಾಲಿನಲ್ಲಿ ತೇಲಿಬಿಡುವ ಗಾಜಿನ ಕಡ್ಡಿ ಇಪ್ಪತ್ತೆಂಟು ಡಿಗ್ರಿಗಿಂತ ಕೆಳಗೆ ತೋರಿಸಿದರೆ ಅದರಲ್ಲಿ ನೀರಿದೆ ಎಂಬುದು ಅವಳ ಅಚಲ ನಂಬಿಕೆ. ಇಪ್ಪತ್ತೇಳೂ ಮುಕ್ಕಾಲು ಬಂದಾಗ ‘ಕಾಲು ಡಿಗ್ರಿ ತಾನೇ, ಕಣ್ಣು ಮುಚ್ಚಿಕೊಳ್ಳಿ ಮೇಡಂ’ ಎಂದು ಗೋಗರೆದವರಿಗೆ, ‘ಕಣ್ಣು ಮುಚ್ಚಿದರೆ ಕಡ್ಡಿ ಕಾಣಲ್ಲವಲ್ಲ’ ಎಂದು ಉತ್ತರಿಸಿದವಳು ಅವಳು. ಹೀಗಾಗಿ ಏಳು ವರ್ಷಗಳ ಸೇವೆಯಲ್ಲಿ ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದು, ಕಟ್ಟೆಯ ಮೇಲೆ ಅವಳು ಇಪ್ಪತ್ತೆಂಟಮ್ಮನಾಗಿದ್ದಳು.

ಅವಳಿಗೆ ಇನ್ನೊಂದು ವ್ರತವೂ ಇತ್ತು. ಯಾರೇ ಸ್ಯಾಂಪಲ್ ತಂದು ಕಿಟಕಿಯಲ್ಲಿಟ್ಟರೂ ಮೊದಲ ಪ್ರಶ್ನೆ ಒಂದೇ: ‘ಕಲಕಿದ್ರಾ?’ ನಿಂತ ಹಾಲಿನಲ್ಲಿ ಕೆನೆ ಮೇಲೇರುತ್ತದೆ, ತಿಳಿ ಕೆಳಗಿಳಿಯುತ್ತದೆ. ಮೇಲಿನದನ್ನು ತೆಗೆದವನು ತನ್ನ ಹಾಲನ್ನು ಹೊಗಳಿಕೊಂಡಂತೆ, ಕೆಳಗಿನದನ್ನು ತೆಗೆದವನು ಬೈದುಕೊಂಡಂತೆ, ಎರಡೂ ಸುಳ್ಳೇ. ಉದ್ದ ಕೋಲಿನಿಂದ ಟ್ಯಾಂಕರಿನ ಹೊಟ್ಟೆಯನ್ನು ತಳದಿಂದ ಕಲಕಿದ ಮೇಲೆ ತೆಗೆದದ್ದೇ ಸ್ಯಾಂಪಲ್. ಈ ಪಾಠವನ್ನು ಅವಳು ಒಬ್ಬೊಬ್ಬ ಡ್ರೈವರನಿಗೂ ಮಗ್ಗಿ ಬಾಯಿಪಾಠ ಮಾಡಿಸಿದಂತೆ ಮಾಡಿಸಿದ್ದಳು.

ಮಗನಿಗೆ ಐದು ತಿಂಗಳು ತುಂಬಿದಾಗ ಅವಳು ಕೆಲಸಕ್ಕೆ ಮರಳಿದಳು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಪಾಳಿ. ಐದಕ್ಕೆ ಎದ್ದು ಮಗುವಿಗೆ ಹೊಟ್ಟೆ ತುಂಬ ಹಾಲೂಡಿಸಿ ಹೊರಟರೆ, ಮತ್ತೆ ಅವನು ಅವಳ ಮಡಿಲಿಗೆ ಬರುವುದು ಎರಡೂ ಮುಕ್ಕಾಲಿಗೆ. ನಡುವಿನ ಹೊತ್ತಿಗೆ ಹಿಂದಿನ ದಿನ ಡೇರಿಯಲ್ಲಿ ಹಿಂಡಿ, ತಂಪಾಗಿಟ್ಟು ತಂದ ಎರಡು ಬಾಟಲಿ ಎದೆಹಾಲು. ಅದನ್ನು ಬಿಸಿನೀರಿನ ಬಟ್ಟಲಿನಲ್ಲಿಟ್ಟು ಬೆಚ್ಚಗೆ ಮಾಡಿ, ಪುಟ್ಟ ಲೋಟದಿಂದ ಗುಟುಕು ಗುಟುಕಾಗಿ ಕುಡಿಸುವ ಹೊಣೆ ಅತ್ತೆಯದು. ಬಾಟಲಿಯ ನಿಪ್ಪಲ್ಲನ್ನು ಮಗು ಮೊದಲ ದಿನವೇ ನಾಲಿಗೆಯಿಂದ ಹೊರದೂಡಿ, ‘ಇದು ಯಾವ ಪ್ರಾಣಿ’ ಎಂಬಂತೆ ನೋಡಿತ್ತು.

ಡೇರಿಯಲ್ಲಿ ಹಾಲು ಹಿಂಡಲು ಸಿಕ್ಕಿದ್ದು ಹಳೆಯ ರಾಸಾಯನಿಕಗಳ ದಾಸ್ತಾನು ಕೋಣೆ. ಖಾಲಿ ಕಪಾಟು, ಒಂದು ಸ್ಟೂಲು, ಚಿಲಕವಿಲ್ಲದ ಬಾಗಿಲು. ಅವಳು ಬಾಗಿಲಿಗೆ ‘ಪರೀಕ್ಷೆ ನಡೆಯುತ್ತಿದೆ, ಪ್ರವೇಶವಿಲ್ಲ’ ಎಂಬ ಫಲಕ ತೂಗುಹಾಕಿದಳು. ಫಲಕವನ್ನು ಓದದವರಿಗಾಗಿ ಗಾಜಿನ ಸಾಮಾನು ತೊಳೆಯುವ ಚಿಕ್ಕಮ್ಮ ಹೊರಗೆ ಕೂತಿರುತ್ತಿದ್ದಳು. ಯಾರ ಚಿಕ್ಕಮ್ಮನೆಂದು ಯಾರಿಗೂ ಗೊತ್ತಿಲ್ಲ. ಮ್ಯಾನೇಜರನಿಗೂ ಅವಳು ಚಿಕ್ಕಮ್ಮನೇ. ನಾಲ್ಕು ಮಕ್ಕಳನ್ನು ಹೆತ್ತು ಬೆಳೆಸಿದವಳು. ಒಳಗಿನಿಂದ ಕೈಪಂಪು ಕುಂಯ್ ಕುಂಯ್ ಅನ್ನುವಾಗ, “ನಿನ್ನ ಪಂಪಿಗೆ ಒಂದು ಹನಿ ಎಣ್ಣೆ ಹಾಕೇ, ಒಳಗೆ ಇಲಿ ಸಿಕ್ಕಿದೆ ಅಂತ ಆಗಲೇ ಇಬ್ಬರು ಬಂದು ಹೋದ್ರು” ಎಂದು ಪಿಸುಗುಡುತ್ತಿದ್ದಳು.

ಹಾಲಿಗೆ ಅದರದೇ ಸಮಯಪ್ರಜ್ಞೆ. ಹತ್ತೂವರೆಯ ಬಿಡುವಿಗೆ ಬಾ ಎಂದರೆ ಒಂಬತ್ತೂ ಕಾಲಿಗೆ, ದೊಡ್ಡ ಟ್ಯಾಂಕರು ಹಾರ್ನ್ ಹೊಡೆದಾಗ ಬರುತ್ತಿತ್ತು. ಆ ಹಾರ್ನಿನ ಎಳೆದ ರಾಗಕ್ಕೂ ಮಗುವಿನ ಹಸಿವಿನ ಅಳುವಿಗೂ ಅದೇನು ಹೋಲಿಕೆಯೋ, ‘ಪೋಂ’ ಎಂದೊಡನೆ ಅವಳ ಎದೆ ತುಂಬಿ, ಬಿಳಿ ಕೋಟಿನ ಮೇಲೆ ಎರಡು ಒದ್ದೆ ವೃತ್ತಗಳು ಮೂಡುತ್ತಿದ್ದವು. ಎರಡನೆಯ ವಾರದಲ್ಲಿ ಅವಳು ಕಿಟಕಿಯಿಂದ ಆಜ್ಞೆ ಹೊರಡಿಸಿದಳು.

“ಇನ್ಮೇಲೆ ಕಟ್ಟೆ ಹತ್ರ ಹಾರ್ನ್ ಹೊಡೀಬೇಡಿ.”

ದೊಡ್ಡ ಟ್ಯಾಂಕರಿನ ಡ್ರೈವರು, ಮೀಸೆಯ ಆಸಾಮಿ, ಬೆರಗಾದ. “ಯಾಕೆ ಮೇಡಂ? ಹಾರ್ನ್ ಹೊಡೆದ್ರೆ ಹಾಲು ಒಡೆಯುತ್ತಾ?”

“ಒಡೆಯಲ್ಲ. ಚೆಲ್ಲುತ್ತೆ.”

ಮೀಸೆಯವನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಇಪ್ಪತ್ತೆಂಟಮ್ಮ ಹೇಳಿದ ಮೇಲೆ ಅದರಲ್ಲೊಂದು ವಿಜ್ಞಾನ ಇದ್ದೇ ಇರುತ್ತದೆಂದುಕೊಂಡು, ಅಂದಿನಿಂದ ಗಾಡಿಯ ಬಾಗಿಲು ತಟ್ಟಿ ತಾನು ಬಂದದ್ದನ್ನು ಸಾರತೊಡಗಿದ.

ಕಷ್ಟ ಇದ್ದದ್ದು ಡೇರಿಯಲ್ಲಲ್ಲ, ಮನೆಯಲ್ಲಿ. ಫ್ರಿಜ್ಜಿನಲ್ಲಿ ಒಂದು ರಾತ್ರಿ ನಿಂತ ಬಾಟಲಿಯಲ್ಲಿ ಮೇಲೆ ಬೆರಳಗಲ ಹಳದಿ ಕೆನೆ, ಕೆಳಗೆಲ್ಲ ನೀಲಿ ಛಾಯೆಯ ತಿಳಿ. ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಆಚೆ ಬೀದಿಯ ಔಷಧಿ ಅಂಗಡಿಯ ಫಲಕವನ್ನು ಅದರೊಳಗಿಂದ ಓದುವವರಂತೆ ಕಣ್ಣು ಕಿರಿದುಗೊಳಿಸುತ್ತಿದ್ದರು.

“ಇದು ಹಾಲಾ, ಅಕ್ಕಿ ತೊಳೆದ ನೀರಾ?”

“ಹಾಲೇ ಅತ್ತೆ. ಕೆನೆ ಮೇಲೆ ನಿಂತಿದೆ ಅಷ್ಟೇ. ಮೆಲ್ಲಗೆ ತಿರುಗಿಸಿ.”

“ತಿರುಗಿಸಿದ್ರೆ ನೀರು ಹಾಲಾಗುತ್ತೇನಮ್ಮಾ? ಮಗು ನೋಡು, ಹನ್ನೆರಡಕ್ಕೆ ಕುಡಿದು ಒಂದೂವರೆಗೇ ಬಾಯಿ ಬಿಡುತ್ತೆ. ಹೊಟ್ಟೇಲಿ ನಿಲ್ಲಲ್ಲ. ಊರವರ ಹಾಲಿನಲ್ಲೆಲ್ಲ ನೀರು ಹುಡುಕೋಕೆ ಹೋಗ್ತೀಯ, ಮನೇದು ನೋಡ್ಕೊಂಡಿದೀಯಾ?”

ಅತ್ತೆಯದು ಕೆಟ್ಟ ಬುದ್ಧಿಯಲ್ಲ. ಮೊಮ್ಮಗನ ಮೇಲಿನ ಪ್ರೀತಿಗೆ ಸಂದೇಹವೆಂಬ ಅಂಗಿ ತೊಡಿಸಿ ಓಡಾಡಿಸುವ ಸ್ವಭಾವ. ಗಂಡ ಲಿಫ್ಟ್ ರಿಪೇರಿಯವನು. ತಾಯಿ ಹೆಂಡತಿ ಇಬ್ಬರೂ ಒಟ್ಟಿಗೆ ಅವನತ್ತ ತಿರುಗಿದರೆ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನಂತೆ ನಿಂತುಬಿಡುತ್ತಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದೆಂದು ಒಂದು ಸಂಜೆ ಹಾಲಿನ ಪುಡಿಯ ಡಬ್ಬಿ ತಂದು ಅಡುಗೆಮನೆಯ ಶೆಲ್ಫಿನಲ್ಲಿಟ್ಟು, “ಇರ್ಲಿ, ಅಪ್ಪಿತಪ್ಪಿ ಬೇಕಾದ್ರೆ” ಎಂದಷ್ಟೇ ಹೇಳಿ ಹೊರಟುಹೋದ. ಮಗು ತನ್ನ ಹಾಲಿನಲ್ಲೇ ಬೆಳೆಯಬೇಕೆಂಬ ಆಸೆ ಎಷ್ಟು ಗಟ್ಟಿಯಾದದ್ದೆಂದು ಅವಳಿಗೆ ಆ ಡಬ್ಬಿ ನೋಡಿದಾಗಲೇ ಗೊತ್ತಾದದ್ದು. ಅದರ ಜೊತೆಗೇ, ಅತ್ತೆಯ ಮಾತು ನಿಜವಾಗಿದ್ದರೆ ಎಂಬ ಹುಳುವೂ ತಲೆ ಹೊಕ್ಕಿತು.

ಬೇರೆ ಯಾವ ತಾಯಿಯಾದರೂ ಆ ಹುಳುವನ್ನು ನೆರೆಮನೆಯವರಿಗೋ ದಾದಿಗೋ ತೋರಿಸುತ್ತಿದ್ದಳು. ಇಪ್ಪತ್ತೆಂಟಮ್ಮನ ಕೈಯಳತೆಯಲ್ಲಿ ಹಾಲು ಪರೀಕ್ಷಿಸುವ ಯಂತ್ರವಿತ್ತು.

ಒಂದು ಮಂಗಳವಾರ, ಟ್ಯಾಂಕರುಗಳ ನಡುವಿನ ಬಿಡುವಿನಲ್ಲಿ, ಅವಳು ಅದನ್ನು ಮಾಡಿಯೇಬಿಟ್ಟಳು. ಮಗುವಿನ ಪಾಲಿನಿಂದ ಹೆಚ್ಚು ಕಳೆಯಲು ಮನಸ್ಸು ಬಾರದೆ, ದಾಸ್ತಾನು ಕೋಣೆಯಲ್ಲಿ ಕೂತು ಪಂಪಿಗೆ ಮೊದಲು ಬಂದ ನಾಲ್ಕು ಚಮಚೆಯನ್ನು ಮಾತ್ರ ಬೇರೆ ತೆಗೆದಿಟ್ಟು, ಉಳಿದದ್ದನ್ನು ಎಂದಿನಂತೆ ಬಾಟಲಿಗೆ ಹಿಂಡಿದಳು. ತೆಗೆದಿಟ್ಟದ್ದನ್ನು ಸ್ಯಾಂಪಲ್ ಲೋಟಕ್ಕೆ ಸುರಿದು ಯಂತ್ರದ ಬಾಯಿಗಿಟ್ಟಳು. ಗಾಡಿಯ ನಂಬರು ಕೇಳಿದ ಕಡೆ ಸೊನ್ನೆ ಒತ್ತಿದಳು. ಯಂತ್ರ ಹೀರಿತು, ಗುನುಗಿತು, ಒಂದು ನಿಮಿಷ ಯೋಚಿಸಿತು, ನಾಲಿಗೆ ಚಾಚಿದಂತೆ ಕಾಗದದ ಚೀಟಿ ಹೊರಹಾಕಿತು. ಕೊಬ್ಬು ಒಂದು ಪಾಯಿಂಟ್ ಏಳು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ‘ನೀರು ಬೆರೆತಿರುವ ಶಂಕೆ. ತಿರಸ್ಕೃತ.’

ಅಂಥ ಚೀಟಿಗಳನ್ನು ಅವಳು ಏಳು ವರ್ಷಗಳಲ್ಲಿ ಎಷ್ಟು ಜನರ ಕೈಗೆ ಕೊಟ್ಟಿರಲಿಲ್ಲ! ಕೊಟ್ಟಾಗ ಅವರ ಮುಖ ಹೇಗಿರುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ಈಗ ಗಾಜಿನ ಬೀರುವಿನಲ್ಲಿ ಆ ಮುಖ ಕಂಡಿತು. ಚೀಟಿಯನ್ನು ಕೋಟಿನ ಜೇಬಿಗೆ ತುರುಕಿದಳು.

ಮನೆಗೆ ಬಂದವಳೇ ಹೇಳಿದಳು: “ಅತ್ತೆ, ಆ ಡಬ್ಬಿ ತೆಗೀರಿ.”

ಗೆದ್ದ ಅತ್ತೆಯ ಮುಖ ಅರಳಬೇಕಿತ್ತು. ಅರಳಲಿಲ್ಲ. “ಯಾಕೆ? ಇದ್ದಕ್ಕಿದ್ದ ಹಾಗೆ ಏನಾಯ್ತು?”

“ಟೆಸ್ಟ್ ಮಾಡಿದೆ. ನೀವು ಹೇಳಿದ್ದೇ ಸರಿ. ನೀರು.”

“ಯಾರು ಹೇಳಿದ್ದು?”

“ಮಷೀನು.”

ಅತ್ತೆ ಮಗುವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿದರು. “ಅದ್ಯಾವ ಮಷೀನು? ನಮ್ಮ ಮನೆ ಹಾಲಿಗೆ ಹೆಸರಿಡೋಕೆ ಅದ್ಯಾರು?”

“ನೀವೇ ದಿನಾ ಅಂತಿದ್ರಲ್ಲ ಅತ್ತೆ, ಅಕ್ಕಿ ತೊಳೆದ ನೀರು ಅಂತ.”

“ನಾನು ಅಂತೀನಮ್ಮ. ನಾನು ಅವನ ಅಜ್ಜಿ, ಏನು ಬೇಕಾದ್ರೂ ಅಂತೀನಿ. ಅದು ಅವನಿಗೆ ಏನಾಗಬೇಕು?” ಸೊಸೆಯ ಕಣ್ಣಂಚು ನೋಡಿ ಅವರ ದನಿ ಇಳಿಯಿತು. “ಇವತ್ತು ಬೇಡ. ನಾಳೆ ನೋಡೋಣ. ಮೊದಲು ಕೂಸನ್ನ ಹಿಡ್ಕೋ, ನಿನ್ನ ಸದ್ದು ಕೇಳಿದಾಗಿಂದ ನನ್ನ ಭುಜ ಜಗೀತಿದೆ.”

ಮಗು ಯಂತ್ರದ ವರದಿಯನ್ನು ಓದಿರಲಿಲ್ಲವಾದ್ದರಿಂದ ಕಣ್ಣು ಮುಚ್ಚಿಕೊಂಡು ಆನಂದವಾಗಿ ಕುಡಿಯಿತು. ಅವಳು ಮಾತ್ರ, ಹಗಲಿನ ಹಾಲು ಇನ್ನು ಡಬ್ಬಿಯದು, ಎದೆಹಾಲು ತಾನಾಗಿಯೇ ಬತ್ತಿಹೋಗುವವರೆಗೆ ಬೆಳಿಗ್ಗೆ ಸಂಜೆ ಸಾಕು ಎಂದು ನಿಶ್ಚಯಿಸಿ, ಮರುದಿನ ಪಂಪನ್ನು ಮನೆಯಲ್ಲೇ ಬಿಟ್ಟು ಹೊರಟಳು.

ಹತ್ತೂವರೆಗೆ ಅವಳು ದಾಸ್ತಾನು ಕೋಣೆಯತ್ತ ಹೋಗಲಿಲ್ಲ. ಹನ್ನೊಂದಕ್ಕೆ ಎದೆ ಕಲ್ಲಾಯಿತು. ತೋಳು ಎತ್ತಿದರೆ ನೋವು, ಇಳಿಸಿದರೆ ನೋವು. ಅದೇ ಹೊತ್ತಿಗೆ ಕಿಟಕಿಯ ಹೊರಗೆ ಮೀಸೆಯವನು ಬಾಗಿಲು ತಟ್ಟಿ, ಸ್ಯಾಂಪಲ್ ಇಟ್ಟು, ಕೇಳುವ ಮೊದಲೇ “ಕಲಕಿದೀನಿ” ಎಂದ. ಅವಳು ಪೆನ್ನಿಗಾಗಿ ಜೇಬಿಗೆ ಕೈ ಹಾಕಿದಾಗ ಹಿಂದಿನ ದಿನದ ಚೀಟಿ ಪೆನ್ನಿನ ಜೊತೆ ಎದ್ದು ಕಿಟಕಿಯ ಕಟ್ಟೆಯ ಮೇಲೆ ಬಿತ್ತು. ಚೀಟಿ ಕಂಡರೆ ಡ್ರೈವರುಗಳ ಕೈ ತಾನಾಗಿ ಮುಂದೆ ಬರುತ್ತದೆ.

“ಇದು ಯಾವ ಗಾಡಿದು ಮೇಡಂ? ಒಂದು ಪಾಯಿಂಟ್ ಏಳು! ನಂದಲ್ಲ ತಾನೇ?”

“ನಿಮ್ದಲ್ಲ. ಕೊಡಿ ಇಲ್ಲಿ.”

“ಹೊಸಬನದಾ?”

ಅವಳು ತಡವರಿಸಿದಳು. “ಹೂಂ. ಹೊಸದು. ಸಣ್ಣ ಗಾಡಿ.”

“ಅಯ್ಯೋ ಪಾಪ.” ಅವನು ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಅನುಭವಸ್ಥನಂತೆ ಮೀಸೆ ತಿರುವಿದ. “ನೀರು ಹಾಕಿಲ್ಲ ಇವನು. ನೀರು ಹಾಕೋನಿಗೂ ಒಂದು ಹದ ಇರುತ್ತೆ, ಇಷ್ಟೊಂದು ಧೈರ್ಯ ಮಾಡಲ್ಲ. ಇದು ಕಲಕದೆ ತೆಗೆದಿದ್ದು.”

“ಏನಂದ್ರಿ?”

“ಕಲಕಿಲ್ಲ ಮೇಡಂ! ಏಳು ವರ್ಷದಿಂದ ನನ್ನ ಪ್ರಾಣ ತಿಂತಿದೀರ, ಕಲಕಿದ್ರಾ ಕಲಕಿದ್ರಾ ಅಂತ. ನಿದ್ದೇಲೂ ಕೈ ಆಡಿಸ್ತೀನಿ ಅಂತ ಹೆಂಡತಿ ಬೈತಾಳೆ. ಇವನನ್ನ ಮಾತ್ರ ಕೇಳಲೇ ಇಲ್ವಾ? ಮೊದಲು ಬಂದಿದ್ದನ್ನ ಹಿಡಿದು ತಂದಿದಾನೆ. ನಮ್ಮನೇಲಿ ಹಸು ಕರೆಯೋನು ನಾನೇ. ಮೊದಲ ಲೋಟ ತೆಳ್ಳಗೆ ನೀರಿನ ಹಾಗೆ. ಕೊನೇ ಲೋಟ ನೋಡಬೇಕು ನೀವು, ಕೆನೆ ಕೆನೆ. ಇನ್ನೊಂದು ಸಲ ನೋಡಿ ಮೇಡಂ, ಸಣ್ಣ ಗಾಡಿ ಅಂತೀರ, ಹೊಟ್ಟೆ ಮೇಲೆ ಹೊಡೀಬೇಡಿ.”

ಅವಳು ಪೆನ್ನು ಕೆಳಗಿಟ್ಟಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ ಎಂಬ ಗಾದೆಯನ್ನು ಅವಳು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದಳು. ಬಚ್ಚಲು ಹೀಗಿರುತ್ತದೆಂದು ಈಗಲೇ ತಿಳಿದದ್ದು. ಮೊದಲ ನಾಲ್ಕು ಚಮಚೆ! ಕೆನೆಯೆಲ್ಲ ಹಿಂದೆ ಬರುವಾಗ ಮುಂದೆ ಬಂದ ತಿಳಿಯನ್ನು ಹಿಡಿದು ಯಂತ್ರದ ಬಾಯಿಗಿಟ್ಟವಳು ತಾನು. ಬೇರೆ ಯಾರಾದರೂ ತಂದಿದ್ದರೆ ಲೋಟವನ್ನು ಮುಟ್ಟುತ್ತಲೂ ಇರಲಿಲ್ಲ.

“ಚಿಕ್ಕಮ್ಮಾ!” ಎಂದು ಕೂಗುತ್ತ ಅವಳು ಒಳಕ್ಕೆ ಓಡಿದಳು.

ಪಂಪು ಇರಲಿಲ್ಲ. ಚಿಕ್ಕಮ್ಮ ಕಥೆಯನ್ನೆಲ್ಲ ಕೇಳಿ, ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಂತರ ಕುದಿಸಿ ಒಣಗಿಸಿದ ಗಾಜಿನ ಜಾಡಿಯೊಂದನ್ನು ತಂದಳು. “ಪಂಪು ಹುಟ್ಟೋಕೆ ಮುಂಚೆ ಹೆಂಗಸರಿಗೆ ಕೈ ಇರ್ಲಿಲ್ವೇನೇ? ಬಾ, ತೋರಿಸ್ತೀನಿ. ಎಳೀಬೇಡ. ಹಿಂದಕ್ಕೆ ಒತ್ತಿ, ಆಮೇಲೆ ಮುಂದಕ್ಕೆ. ಹಾಂ, ಹಾಗೆ.” ಕಲ್ಲಾಗಿದ್ದದ್ದು ಕರಗುತ್ತ ಬಂತು. ಎರಡೂ ಕಡೆ ಪೂರ್ತಿ ಹಿಂಡಿ ಮುಗಿಸಿದಾಗ ಜಾಡಿಯಲ್ಲಿ ನೂರ ನಲವತ್ತು ಮಿಲಿ. ಅವಳು ಅದನ್ನು ಮೆಲ್ಲಗೆ, ಸುತ್ತಲೂ, ಜೀವಮಾನದಲ್ಲಿ ಯಾವ ಡ್ರೈವರೂ ಕಲಕಿರದಷ್ಟು ಶ್ರದ್ಧೆಯಿಂದ ಆಡಿಸಿ, ಆಮೇಲೆ ನಾಲ್ಕು ಚಮಚೆ ತೆಗೆದಳು.

ಕೊಬ್ಬು ನಾಲ್ಕು ಪಾಯಿಂಟ್ ಎರಡು. ಕೆಳಗೆ ಮತ್ತೆ ದಪ್ಪ ಅಕ್ಷರ: ‘ಪ್ರೋಟೀನು ಕಡಿಮೆ. ತಿರಸ್ಕೃತ.’

“ಈಗ ಏನಂತೆ ಅದಕ್ಕೆ?” ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟಳು.

ಅವಳು ಒಂದು ಕ್ಷಣ ಚೀಟಿಯನ್ನೇ ನೋಡಿದಳು. ಆಮೇಲೆ ನಗು ತಡೆಯಲಾಗದೆ ಸ್ಟೂಲಿನ ಮೇಲೆ ಕುಸಿದಳು. “ಚಿಕ್ಕಮ್ಮಾ, ಇದು ಹಸುವಿನ ಹಾಲಿನ ಮಷೀನು. ಹಸುವಿನ ಹಾಲಿನಲ್ಲಿ ಪ್ರೋಟೀನು ಮೂರು ಪಟ್ಟು. ಯಾವ ತಾಯಿ ಹಾಲು ಇಟ್ರೂ ಇದು ಬೇಡ ಅಂತಾನೇ ಅನ್ನುತ್ತೆ.”

“ಅಂದ್ರೆ ಅದಕ್ಕೆ ಕರು ಗೊತ್ತು, ಕೂಸು ಗೊತ್ತಿಲ್ಲ. ಅದನ್ನ ಕೇಳೋಕೆ ಹೋದೆಯಲ್ಲ, ಓದಿದವಳು ನೀನು! ನನ್ನ ಕೇಳಿದ್ರೆ ಇಲ್ಲೇ ಕೂತು ಹೇಳ್ತಿದ್ದೆ. ದಿನಕ್ಕೆ ಎಷ್ಟು ಬಟ್ಟೆ ಒದ್ದೆ ಮಾಡ್ತಾನೆ?”

“ಎಂಟೋ ಒಂಬತ್ತೋ. ಒಗೆದು ಒಗೆದು ಕೈ ಬೆಳ್ಳಗಾಯ್ತು ಅಂತ ಅತ್ತೆ ಬೈತಾರೆ.”

“ತೂಕ?”

“ಹೋದ ಸಲಕ್ಕಿಂತ ಏರಿದೆ. ಗುಂಡಗಿಲ್ಲ, ಆದ್ರೆ ತೂಕದ ಚಾರ್ಟಿನಲ್ಲಿ ಅವನ ಗೆರೆ ಬಿಟ್ಟು ಇಳಿದಿಲ್ಲ ಅಂದ್ರು ಕ್ಲಿನಿಕ್ಕಿನ ದಾದಿ.”

“ಮತ್ತೆ? ಒಳಗೆ ಹೋಗದ್ದು ಹೊರಗೆ ಹೇಗೆ ಬರುತ್ತೇ? ಅಷ್ಟು ಬೇಗ ಹಸಿಯೋದು ಯಾಕೆ ಅಂದ್ರೆ, ನಿನ್ನ ಹಾಲು ಬೇಗ ಅರಗುತ್ತೆ. ಅದು ಗುಣ, ದೋಷ ಅಲ್ಲ. ಏಳು, ಜಾಡಿ ಫ್ರಿಜ್ಜಿಗಿಡು.”

ಅಂದು ಮಧ್ಯಾಹ್ನ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಡಬ್ಬಿ ಶೆಲ್ಫಿನಲ್ಲೇ ಇತ್ತು, ಮುಚ್ಚಳದ ಮೊಹರು ಒಡೆದಿರಲಿಲ್ಲ. “ತೆಗೆಯೋಕೆ ಹೋದೆ,” ಅಂದರು ಅವರು, ತಪ್ಪೊಪ್ಪಿಗೆಯೂ ಅಲ್ಲದ, ಜಂಭವೂ ಅಲ್ಲದ ದನಿಯಲ್ಲಿ. “ಕೈ ಬರ್ಲಿಲ್ಲ. ನೀನು ನಿನ್ನೆ ಹಿಂಡಿದ್ದು ಒಂದು ಬಾಟಲಿ ಇತ್ತಲ್ಲ, ಅದನ್ನೇ ಕೊಟ್ಟೆ. ತಿರುಗಿಸಿ ಕೊಟ್ಟೆ.”

ಅವಳು ಎರಡೂ ಚೀಟಿಗಳನ್ನು ಅವರ ಮುಂದಿಟ್ಟು, ಕರು, ಕೂಸು, ಮೊದಲ ಲೋಟ, ಕೊನೆಯ ಲೋಟ, ಎಂಟು ಬಟ್ಟೆ ಎಲ್ಲವನ್ನೂ ಕ್ರಮವಾಗಿ ವಿವರಿಸಿದಳು. ಅತ್ತೆ ಪೂರ್ತಿ ಕೇಳಿದರು. ಬಟ್ಟೆಯ ಲೆಕ್ಕಕ್ಕೆ ಬಂದಾಗ ಮಾತ್ರ ತಡೆದರು. “ಎಂಟಲ್ಲ, ಒಂಬತ್ತು. ಒಗೆಯೋಳು ನಾನು.” ಸ್ವಲ್ಪ ಹೊತ್ತಿನ ಮೇಲೆ, ಯಾರೂ ಕೇಳದಿದ್ದರೂ, “ಒಂಬತ್ತು ಅಂದ್ರೆ ಕಡಿಮೆ ಏನಲ್ಲ” ಎಂದು ತಮಗೇ ಹೇಳಿಕೊಂಡರು.

ಅಲ್ಲಿಂದ ಮುಂದಿನ ದಿನಗಳೆಲ್ಲ ಹೂವಿನ ಹಾಸಿಗೆಯಾಗಿರಲಿಲ್ಲ. ಒಂದು ವಾರ ಜ್ವರ ಬಂದು ಹಾಲು ಅರ್ಧಕ್ಕಿಳಿಯಿತು. ಇನ್ನೊಮ್ಮೆ ಬಸ್ಸಿನ ನೂಕುನುಗ್ಗಲಿನಲ್ಲಿ ಚೀಲದ ಬಾಟಲಿ ಸೋರಿ, ಪಕ್ಕದಲ್ಲಿ ಕೂತಿದ್ದ ದೊಡ್ಡ ಮನುಷ್ಯರ ಕಡತ ತೊಯ್ದಾಗ, ‘ಏನಮ್ಮ ಇದು’ ಎಂದವರಿಗೆ ಅವಳು ‘ಸ್ಯಾಂಪಲ್’ ಎಂದು ಹೇಳಿ ಮುಂದಿನ ನಿಲ್ದಾಣದಲ್ಲೇ ಇಳಿದಳು. ಆರು ತಿಂಗಳು ತುಂಬಿ ಮಗು ಬೇಯಿಸಿ ಕಿವುಚಿದ ತರಕಾರಿ ತಿನ್ನತೊಡಗಿದಾಗ ಅತ್ತೆಯ ಪಾಲಿನ ಯುದ್ಧ ಹಾಲಿನಿಂದ ಕ್ಯಾರೆಟ್ಟಿಗೆ ಸ್ಥಳಾಂತರಗೊಂಡಿತು. ಮೀಸೆಯವನು ತಿಂಗಳುಗಟ್ಟಲೆ ವಿಚಾರಿಸಿದ: “ಆ ಸಣ್ಣ ಗಾಡಿಯವನು ಈಗ ಹೇಗೆ ಮೇಡಂ?”

“ಪರವಾಗಿಲ್ಲ. ದಿನಾ ಬರ್ತಾನೆ.”

“ಕಲಕ್ತಾನಾ?”

“ಮನೇನೇ ಕಲಕಿಹಾಕ್ತಾನೆ.”

ಮಗುವಿಗೆ ವರ್ಷ ತುಂಬಿದ ಮೇಲೆ ಡೇರಿಯಲ್ಲಿ ಹಿಂಡುವುದನ್ನು ಅವಳು ನಿಧಾನವಾಗಿ ನಿಲ್ಲಿಸಿದಳು. ಬೆಳಿಗ್ಗೆ ಐದರದ್ದೂ ಮಧ್ಯಾಹ್ನ ಎರಡೂ ಮುಕ್ಕಾಲಿನದ್ದೂ ಮಾತ್ರ ಉಳಿದವು. ಕೆಲವು ತಿಂಗಳಲ್ಲಿ ಬೆಳಗಿನದ್ದೂ ಹೋಯಿತು, ಅವನು ನಿದ್ದೆಯನ್ನು ಹೆಚ್ಚು ಪ್ರೀತಿಸತೊಡಗಿದ್ದ. ಮಧ್ಯಾಹ್ನದ್ದು ಮಾತ್ರ ಗಡಿಯಾರದಂತೆ ನಡೆಯಿತು. ಅವಳ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದೊಡನೆ ಅವನು ದಿವಾನದ ಮೂಲೆಗೆ ಓಡಿ, ತನ್ನ ದಿಂಬನ್ನು ತಟ್ಟಿ, ಅವಳಿಗೆ ಕೂರಲು ಜಾಗ ತೋರಿಸುತ್ತಿದ್ದ. ಯಾವಾಗ ಬಿಡಿಸುವುದು ಎಂದು ಕೇಳಿದವರಿಗೆಲ್ಲ ಅವಳು ಬೇರೆ ಬೇರೆ ದಿನ ಹೇಳುತ್ತ ಬಂದಳು. ಮುಂದಿನ ತಿಂಗಳು. ಬೇಸಿಗೆ ಕಳೆಯಲಿ. ಹಲ್ಲು ಎಲ್ಲ ಬರಲಿ.

ಇಪ್ಪತ್ತನೆಯ ತಿಂಗಳಿನ ಒಂದು ಮಧ್ಯಾಹ್ನ ಅವಳು ಬಂದಾಗ ದಿವಾನದ ಮೂಲೆ ಖಾಲಿಯಿತ್ತು. ಮಗ ಕಿಟಕಿಯ ಬಳಿ ಅಜ್ಜಿಯ ಸ್ಟೂಲಿನ ಮೇಲೆ ನಿಂತಿದ್ದ. ಕೆಳಗಿನ ಬೀದಿಯಲ್ಲಿ ಯಾರೋ ರಸ್ತೆ ಅಗೆಯುವ ಹಳದಿ ಯಂತ್ರ ತಂದು ನಿಲ್ಲಿಸಿದ್ದರು. ಅವಳು ಕೂತು, ಕುಪ್ಪಸ ಸಡಿಲಿಸಿ, “ಬಾರೋ” ಎಂದಳು. ಅವನು ಬಂದ. ಶಿಷ್ಟಾಚಾರ ತಪ್ಪಬಾರದೆಂಬಂತೆ ಎರಡು ಗುಟುಕು ಕುಡಿದ, ಅವಳ ಕೆನ್ನೆಯನ್ನು ಒಮ್ಮೆ ತಟ್ಟಿದ, ಇಳಿದು ಮತ್ತೆ ಸ್ಟೂಲಿನತ್ತ ಓಡಿದ. ಮರುದಿನ ಅಷ್ಟೂ ಇಲ್ಲ. ಮೂರನೆಯ ದಿನ ಅವಳು ದಿವಾನದ ಮೇಲೆ ಕೂತು ಕಾದಳು. ಅವನು ಕಿಟಕಿಯ ಗಾಜಿಗೆ ಮೂಗು ಒತ್ತಿ, ಯಂತ್ರದ ಕೈ ಮೇಲೇರಿದಾಗಲೆಲ್ಲ “ಬಂತು, ಬಂತು” ಎಂದು ಕೂಗುತ್ತಲೇ ಇದ್ದ.

ಅತ್ತೆ ಅಡುಗೆಮನೆಯಿಂದ ಬಂದು ಸ್ವಲ್ಪ ಹೊತ್ತು ಇಬ್ಬರನ್ನೂ ನೋಡಿದರು.

“ಬಿಟ್ಟನಾ?”

“ಬಿಟ್ಟ ಅನ್ಸುತ್ತೆ ಅತ್ತೆ. ನಾನೇ ಬಿಡಿಸಬೇಕು ಅಂದ್ಕೊಂಡಿದ್ದೆ.”

“ಅವನಿಗೆ ಸಾಕಾಯ್ತು, ಅಷ್ಟೇ. ಹೊಟ್ಟೆ ತುಂಬಿದೋರೇ ಹಾಗೆ ಎದ್ದು ಹೋಗೋದು.” ಅತ್ತೆ ಅವಳ ಪಕ್ಕದಲ್ಲಿ ಕೂತು, ಮಡಿಲಿಗೆ ಚಹಾದ ಲೋಟ ಚಾಚಿದರು. “ಗುಂಡಿ ಹಾಕ್ಕೊಳೇ, ಕಿಟಕಿ ತೆರೆದಿದೆ. ಶೀತ ಆಗುತ್ತೆ.”